ಬೆಳಗಿನ ಟ್ಯೂಷನ್ ಬಿಡಿಸಿ, ಸಂಜೆಯ ಆಟ ಉಳಿಸಿ

ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತರಾದ ನಮ್ಮ ಅಂಕಣಕಾರ್ತಿ, ಹೈಸ್ಕೂಲ್ ಮಕ್ಕಳ ಆಟ ಮತ್ತು ನಿದ್ದೆಯ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನನ್ನ ಮಗ ಒಂಬತ್ತನೇ ಕ್ಲಾಸು. ಬೆಳಿಗ್ಗೆ 6ಕ್ಕೆ ಗಣಿತದ ಟ್ಯೂಷನ್, 10ಕ್ಕೆ ಸ್ಕೂಲು, ಸಂಜೆ 5ರಿಂದ 7 ವಿಜ್ಞಾನದ ಟ್ಯೂಷನ್. ರಾತ್ರಿ ಹೋಂವರ್ಕ್ ಮುಗಿದ ಮೇಲೂ ಮೊಬೈಲ್ ಹಿಡಿದುಕೊಂಡು 12ರವರೆಗೆ ಮಲಗಲ್ಲ. ಬೆಳಿಗ್ಗೆ 5ಕ್ಕೆ ಎಬ್ಬಿಸಬೇಕಾದರೆ ಮುಖಕ್ಕೆ ನೀರು ಚಿಮುಕಿಸಬೇಕು. ಭಾನುವಾರ 11 ಹೊಡೆದರೂ ಏಳಲ್ಲ. ಕ್ಲಾಸಲ್ಲಿ ತೂಕಡಿಸ್ತಾನೆ ಅಂತ ಮೇಷ್ಟ್ರು ಹೇಳಿ ಕಳಿಸಿದ್ದಾರೆ. ಮೊದಲು ಕ್ರಿಕೆಟ್ ಅಂದರೆ ಪ್ರಾಣ ಬಿಡ್ತಿದ್ದ, ಈಗ ಬ್ಯಾಟು ಮೂಲೆ ಸೇರಿದೆ. ಇಷ್ಟೊಂದು ಸೋಮಾರಿತನ ಎಲ್ಲಿಂದ ಬಂತು?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ತಾಯಿ, ನಿಮ್ಮ ಮಗ ಸೋಮಾರಿಯಲ್ಲ. ಅವನಿಗೆ ನಿದ್ದೆ ಸಾಲುತ್ತಿಲ್ಲ. ನೀವೇ ಬರೆದ ಗಂಟೆಗಳನ್ನು ಕೂಡಿ ನೋಡಿ. 12ಕ್ಕೆ ಮಲಗಿ 5ಕ್ಕೆ ಎದ್ದರೆ ಸಿಕ್ಕಿದ್ದು ಐದು ಗಂಟೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾತಜ್ಞರು. ಕಡಿಮೆ ಅಂದರೆ ಎಂಟು ಅಂತಲೇ ಇಟ್ಟುಕೊಂಡರೂ ರಾತ್ರಿಗೆ ಮೂರು ಗಂಟೆ ಬಾಕಿ, ಆರು ರಾತ್ರಿಗೆ ಹದಿನೆಂಟು ಗಂಟೆ ಬಾಕಿ. ಭಾನುವಾರ 11ರವರೆಗೆ ಮಲಗಿ ಮೈ ಆ ಸಾಲ ತೀರಿಸಲು ನೋಡುತ್ತದೆ. ತೀರುವುದಿಲ್ಲ. ಅವತ್ತು ತಡವಾಗಿ ಎದ್ದಿದ್ದಕ್ಕೆ ರಾತ್ರಿ ಮತ್ತೆ ತಡವಾಗಿ ನಿದ್ದೆ, ಸೋಮವಾರ ಮತ್ತೆ ನೀರು ಚಿಮುಕಿಸುವ ಕೆಲಸ ನಿಮ್ಮದು.

ಇನ್ನೊಂದು ವಿಷಯ ಹೇಳುತ್ತೇನೆ, ಇದನ್ನು ಮನೆಯಲ್ಲಿ ಅವರ ಅಪ್ಪನಿಗೂ ಓದಿ ಹೇಳಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಮೈಯ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ಕತ್ತಲಾದ ಮೇಲೆ ಮಿದುಳಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನು ಸ್ರವಿಸಿ ನಿದ್ದೆ ತರುತ್ತದಲ್ಲ, ಈ ಮಕ್ಕಳಲ್ಲಿ ಅದು ಬರುವುದೇ ತಡ. ಐದನೇ ಕ್ಲಾಸಲ್ಲಿ 9ಕ್ಕೆ ಕಣ್ಣು ಮುಚ್ಚುತ್ತಿದ್ದವನಿಗೆ ಈಗ ಹತ್ತೂವರೆಯಾದರೂ ನಿದ್ದೆ ಸುಳಿಯುವುದಿಲ್ಲ ಅಂದರೆ ಅದು ನಾಟಕವಲ್ಲ. ಅಂಥ ಮಗುವನ್ನು 5ಕ್ಕೆ ಎಬ್ಬಿಸಿ ಬೀಜಗಣಿತದ ಮುಂದೆ ಕೂರಿಸುತ್ತೇವೆ. ಹಗಲು ಓದಿದ್ದು ನೆನಪಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆ ಕಿತ್ತುಕೊಂಡು ಟ್ಯೂಷನ್ ಕೊಟ್ಟರೆ ಕೈಗೆ ಬರುವುದು ಬಹಳ ಕಡಿಮೆ.

ಎಲ್ಲರೂ ಮೊದಲು ಮೊಬೈಲ್ ಕಿತ್ತಿಡಿ ಅನ್ನುತ್ತಾರೆ. ನಾನು ಮೊದಲು ಆ 6 ಗಂಟೆಯ ಟ್ಯೂಷನ್ ಬಿಡಿಸಿ ಅನ್ನುತ್ತೇನೆ. ಗಣಿತ ನಿಜವಾಗಿಯೂ ಕಷ್ಟವಾದರೆ ಸಂಜೆ ಎರಡು ದಿನ ಗಣಿತ, ಎರಡು ದಿನ ವಿಜ್ಞಾನ ಅಂತ ಹಂಚಿಕೊಳ್ಳಿ, ಅದೂ ಆರೂವರೆಯ ಮೇಲೆ. ನಾಲ್ಕೂವರೆಗೆ ಸ್ಕೂಲು ಬಿಟ್ಟ ಮೇಲಿನ ಹೊತ್ತು ಆಟದ್ದು. ಬಿಸಿಲು ಇಳಿದಿರುತ್ತದೆ, ಜತೆಗಾರರೆಲ್ಲ ಬಯಲಲ್ಲಿರುತ್ತಾರೆ. ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆ ಬೇಕು, ವಾರಕ್ಕೆ ಮೂರು ದಿನವಾದರೂ ಮೂಳೆ, ಸ್ನಾಯು ಗಟ್ಟಿಯಾಗುವಂಥ ಓಟ, ಜಿಗಿತ, ಹತ್ತುವುದು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಂದೇ ಸಲ ಆಗಬೇಕೆಂದಿಲ್ಲ. ಸ್ಕೂಲಿಗೆ ಸೈಕಲ್ ತುಳಿದರೆ ಅದೂ ಸೇರುತ್ತದೆ. ಸಂಜೆ ಬೆವರು ಹರಿಸಿದ ಮಗು ರಾತ್ರಿ ಬೇಗ ಮಲಗುವುದನ್ನು ನಾನು ಹಾಸ್ಟೆಲಿನ ಹುಡುಗರಲ್ಲಿ ಕಣ್ಣಾರೆ ನೋಡಿದ್ದೇನೆ. ಕಬಡ್ಡಿ ಆಡಿ ಬಂದವರು ಊಟದ ತಟ್ಟೆ ತೊಳೆದಿಟ್ಟು ಹಾಸಿಗೆಗೆ ಬಿದ್ದರೆ ಮುಗಿಯಿತು, ಪಕ್ಕದವನು ಮಾತಾಡಿಸಿದರೂ ಉತ್ತರವಿಲ್ಲ.

ಇನ್ನು ಮೊಬೈಲು. ರಾತ್ರಿ 10ಕ್ಕೆ ಮನೆಯವರ ಎಲ್ಲರ ಫೋನೂ ಹಾಲಿನಲ್ಲಿ ಒಂದೇ ಕಡೆ ಚಾರ್ಜಿಗೆ ಇರಲಿ, ನಿಮ್ಮದೂ, ಅವರ ಅಪ್ಪನದೂ. ಅಲಾರಂ ಬೇಕು ಅಂದರೆ ಒಂದು ಗಡಿಯಾರ ತಂದುಕೊಡಿ. ಸಂಜೆ 4ರ ಮೇಲೆ ಕಾಫಿ, ಟೀ ಬೇಡ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದಾರು ಗಂಟೆಯಾದರೂ ರಕ್ತದಲ್ಲಿ ಉಳಿದಿರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಸ್ವಲ್ಪ ಹೊತ್ತು ಜಗಲಿಗೋ ಮಹಡಿಗೋ ಕಳಿಸಿ, ಬೆಳಕು ಕಣ್ಣಿಗೆ ಬಿದ್ದರೆ ಗಡಿಯಾರ ಮುಂದಕ್ಕೆ ಬರುತ್ತದೆ. ಭಾನುವಾರ ಒಂದು ಗಂಟೆ ಹೆಚ್ಚು ಮಲಗಲಿ, ಅದಕ್ಕಿಂತ ಹೆಚ್ಚು ಬೇಡ. ಇಷ್ಟೆಲ್ಲ ಮಾಡಿಯೂ ಒಂದೆರಡು ತಿಂಗಳಲ್ಲಿ ಹಗಲು ನಿದ್ದೆ ಹೋಗದಿದ್ದರೆ, ಬಾಯಿ ತೆರೆದು ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ಅಥವಾ ಯಾರ ಜತೆಗೂ ಬೆರೆಯದೆ ಮಂಕಾಗಿದ್ದರೆ ಡಾಕ್ಟರಿಗೆ ತೋರಿಸಿ. ನೀರು ಚಿಮುಕಿಸುವುದನ್ನಂತೂ ಇವತ್ತೇ ನಿಲ್ಲಿಸಿ.

ಪ್ರಶ್ನೆ: ಅಕ್ಕೋರೇ, ನಾನು ಎಂಟನೇ ತರಗತಿ. ನಮ್ಮ ಶಾಲೆ ಖೋಖೋ ಟೀಮಿನಾಗ ಇದ್ದೆ. ದೊಡ್ಡಾಕಿ ಆದಮ್ಯಾಲೆ ಅಜ್ಜಿ ಓಡಬ್ಯಾಡ, ಜಿಗೀಬ್ಯಾಡ ಅಂತಾಳ. ಈಗ ಎರಡು ಸುತ್ತು ಓಡಿದ್ರ ಕಣ್ಣಿಗೆ ಕತ್ತಲಿ ಬರ್ತದ. ಅಜ್ಜಿ ಹೇಳೂದು ಖರೇನ ಇರಬೇಕಾ?
– ವಿದ್ಯಾರ್ಥಿನಿ, ಕುಷ್ಟಗಿ

ಉತ್ತರ: ಮಗಳೇ, ಅಜ್ಜಿಗೆ ನಿನ್ನ ಮೇಲೆ ಪ್ರೀತಿ, ಅದಕ್ಕೇ ಭಯ. ಆದರೆ ಆ ಮಾತು ನಿಜವಲ್ಲ. ಮುಟ್ಟಾದ ಹುಡುಗಿ ಓಡಬಹುದು, ಜಿಗಿಯಬಹುದು, ಮುಟ್ಟಿನ ದಿನಗಳಲ್ಲೂ ಆಡಬಹುದು. ಹೊಟ್ಟೆನೋವು ಜೋರಾಗಿದ್ದ ದಿನ ಕೂತು ನೋಡು, ನೋವಿಲ್ಲದ ದಿನ ಇಳಿ. ಅಷ್ಟೇ ಲೆಕ್ಕ.

ಕಣ್ಣಿಗೆ ಕತ್ತಲೆ ಬರುವುದು ಬೇರೆ ವಿಷಯ, ಅದನ್ನು ಸುಮ್ಮನೆ ಬಿಡಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅವ್ವನ ಜತೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. ನಿನ್ನ ವಯಸ್ಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ನೀನೊಬ್ಬಳೇ ಅಂದುಕೊಳ್ಳಬೇಡ. ಶಾಲೆಯಲ್ಲಿ ವಾರಕ್ಕೊಮ್ಮೆ ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ, ಅದನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಹೋಗಿ ಕಿಟಕಿಯಾಚೆ ಎಸೆಯುವ ಹುಡುಗಿಯರು ಬಹಳ. ಹೊಟ್ಟೆ ತೊಳಸುತ್ತದೆ ಅನ್ನುವ ಹೆದರಿಕೆ. ಊಟ ಆದ ಮೇಲೆ ನುಂಗಿದರೆ ಆ ತೊಂದರೆ ಕಡಿಮೆ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಕಬ್ಬಿಣದ ಬಣ್ಣ. ಮಾತ್ರೆಯ ಹಿಂದೆಯೇ ಚಾ ಕುಡಿಯಬೇಡ, ಊಟಕ್ಕೆ ಲಿಂಬೆ ಹಿಂಡಿಕೋ. ಮೆಂತ್ಯಪಲ್ಯ, ಹೆಸರುಕಾಳು, ಶೇಂಗಾ ತಿನ್ನು, ಮನೆಯಲ್ಲಿ ನಡೆಯುವುದಾದರೆ ಮೊಟ್ಟೆಯನ್ನೂ ತಿನ್ನು.

ಪರೀಕ್ಷೆಯ ಫಲ ಬರುವವರೆಗೆ ಜೋರು ಓಟ ಬೇಡ. ಆದರೆ ಟೀಮಿನ ಜತೆ ಮೈದಾನಕ್ಕೆ ಹೋಗು, ಸಾಲಿನಲ್ಲಿ ಕೂತು ಏಳುವ ಅಭ್ಯಾಸ ಮಾಡು. ಖೋ ಸಿಕ್ಕಿದ ಕ್ಷಣ ಯಾವ ಕಾಲಿನ ಹೆಬ್ಬೆರಳು ಮೊದಲು ನೆಲ ಒತ್ತುತ್ತದೆ ಅಂತ ಗಮನಿಸು. ಅಂಗೈ ನೆಲಕ್ಕೂರಿ, ಹಿಮ್ಮಡಿ ಎತ್ತಿ ಕೂತವಳು ನೆಲ ಬಿಡುವುದರಲ್ಲೇ ಎದುರಾಳಿಗಿಂತ ಒಂದು ಹೆಜ್ಜೆ ಮುಂದಿರುತ್ತಾಳೆ. ಅದಕ್ಕೆ ದಮ್ಮು ಬೇಡ, ಅಭ್ಯಾಸ ಬೇಕು. ವಲಯ ಮಟ್ಟದ ಆಟದ ದಿನ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸು.

ಪ್ರಶ್ನೆ: ಹತ್ತನೇ ಕ್ಲಾಸಿನ ಮಗ ರಾತ್ರಿ 8ಕ್ಕೆ ಬೀದಿ ದೀಪದ ಕೆಳಗೆ ಶಟಲ್ ಆಡುತ್ತಾನೆ. ರಾತ್ರಿ ಆಡಿದರೆ ನಿದ್ದೆ ಕೆಡುತ್ತದಂತೆ, ನಿಲ್ಲಿಸಲೇ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ನಿಲ್ಲಿಸಬೇಡಿ ಸ್ವಾಮಿ. ಮಲಗುವುದಕ್ಕೆ ಒಂದೂವರೆ ಗಂಟೆ ಮೊದಲು ಆಟ ಮುಗಿದರೆ ಸಾಕು. ಬಂದ ಮೇಲೆ ಉಗುರು ಬೆಚ್ಚಗಿನ ನೀರಲ್ಲಿ ಸ್ನಾನ, ಹಗುರ ಊಟ. ಜತೆಗೆ ನೀವೂ ಒಂದು ರ‍್ಯಾಕೆಟ್ ಹಿಡಿಯಿರಿ.

ಪ್ರಶ್ನೆ: ನಮ್ಮದು ಹಳ್ಳಿಯ ಪ್ರೌಢಶಾಲೆ, ಮೈದಾನ ಅಂತ ಇರುವುದು ಕಟ್ಟಡದ ಸುತ್ತಲಿನ ಕಾಂಪೌಂಡಿನ ಜಾಗ ಮಾತ್ರ. ದಸರಾ ರಜೆ ಮುಗಿದ ಮೇಲೆ ಹತ್ತನೇ ತರಗತಿಯ ಪಿ.ಟಿ. ಪೀರಿಯಡ್‌ಗಳನ್ನು ಗಣಿತ, ಇಂಗ್ಲಿಷಿಗೆ ಕೊಡುತ್ತೇವೆ, ಬೆಳಿಗ್ಗೆ 8ಕ್ಕೆ ವಿಶೇಷ ತರಗತಿ ಇಡುತ್ತೇವೆ. ಫಲಿತಾಂಶದ ಒತ್ತಡ ನಿಮಗೂ ಗೊತ್ತು. ಇದರೊಳಗೆ ವ್ಯಾಯಾಮ ಹೇಗೆ ಹೊಂದಿಸುವುದು?
– ಮುಖ್ಯ ಶಿಕ್ಷಕರು, ಚಳ್ಳಕೆರೆ ತಾಲ್ಲೂಕು

ಉತ್ತರ: ಸರ್, ಒತ್ತಡ ಗೊತ್ತು. ಆದರೂ ಪಿ.ಟಿ. ಪೀರಿಯಡ್ ಮಕ್ಕಳ ಪಾಲಿನದು, ಅದನ್ನು ಮುಟ್ಟಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಕಾಂಪೌಂಡ್ ಸಾಕು. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಊರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದ ಇಲೇನ್ ವೈಲಿ 2012ರಲ್ಲಿ ತುಂಬ ಸರಳವಾದ ಕೆಲಸವೊಂದನ್ನು ಶುರುಮಾಡಿದರು. ದಿನಕ್ಕೆ 15 ನಿಮಿಷ ಮಕ್ಕಳು ಹೊರಗೆ ಬಂದು ಶಾಲೆಯ ಅಂಗಳದಲ್ಲಿ ಓಡುವುದು ಅಥವಾ ನಡೆಯುವುದು. ಬಟ್ಟೆ ಬದಲಿಸುವುದಿಲ್ಲ, ಸಲಕರಣೆ ಇಲ್ಲ, ಸ್ಪರ್ಧೆ ಇಲ್ಲ. ಡೈಲಿ ಮೈಲ್ ಅನ್ನುವ ಹೆಸರಲ್ಲಿ ಅದು ಈಗ ಎಷ್ಟೋ ದೇಶಗಳಿಗೆ ಹಬ್ಬಿದೆ. ನಿಮ್ಮಲ್ಲಿ ಪ್ರಾರ್ಥನೆ ಮುಗಿದ ಕೂಡಲೇ, ಸಾಲು ಒಡೆಯುವ ಮುಂಚೆ ಮಾಡಿಸಿ. ನಿಮ್ಮ ಸೀಮೆಯ ಬಿಸಿಲಿಗೆ ಮಧ್ಯಾಹ್ನ ಬೇಡ. ಮೇಷ್ಟ್ರುಗಳೂ ಜತೆಗೆ ನಡೆಯಲಿ, ಸ್ಟಾಫ್ ರೂಮಿನಿಂದ ನೋಡುವುದು ಬೇಡ.

ಎರಡು ಅಭ್ಯಾಸಗಳನ್ನು ಮಾತ್ರ ಶಾಲೆಯಿಂದ ಓಡಿಸಿ. ಮೊದಲನೆಯದು, ತಪ್ಪಿಗೆ ಶಿಕ್ಷೆಯಾಗಿ ಬಸ್ಕಿ ಹೊಡೆಸುವುದು, ಮೈದಾನ ಸುತ್ತಿಸುವುದು. ಓಟವನ್ನೇ ಶಿಕ್ಷೆ ಮಾಡಿದರೆ ಮಗು ಖುಷಿಯಿಂದ ಓಡುವುದು ಯಾವಾಗ? ಎರಡನೆಯದು, ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಕರೆದು ಟೀಮು ಕಟ್ಟುವುದು. ಕೊನೆಗೆ ಒಬ್ಬ ದಪ್ಪ ಹುಡುಗನೋ ಒಬ್ಬ ಕುಳ್ಳಿಯೋ ಉಳಿಯುತ್ತಾರೆ. ಕಾಲಿನಿಂದ ಮಣ್ಣು ಕೆದಕುತ್ತಾ ನಿಂತಿರುತ್ತಾರೆ. 'ಸರಿ, ನೀನು ಆ ಕಡೆ ಹೋಗು' ಅಂತ ಯಾರೋ ಅಂದಾಗ ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ಮುಂದಿನ ವಾರ ಆ ಮಗುವಿಗೆ ಕಾಲುನೋವು, ಅದರ ಮುಂದಿನ ವಾರ ಜ್ವರ. ಒಂದು, ಎರಡು ಅಂತ ಎಣಿಸಿ ಟೀಮು ಮಾಡಿ, ಅರ್ಧ ನಿಮಿಷದ ಕೆಲಸ. ಬಾವಿ ಸೇದುವ ಹಗ್ಗವೊಂದಿದ್ದರೆ ಸ್ಕಿಪ್ಪಿಂಗ್, ನಾಲ್ಕು ಹೆಂಚಿನ ಚೂರಿದ್ದರೆ ಲಗೋರಿ, ಸುಣ್ಣದ ಗೆರೆ ಎಳೆದರೆ ಕುಂಟೆಬಿಲ್ಲೆ. ಆಟಕ್ಕೆ ಬರ ಇಲ್ಲ.

ಇನ್ನು 8ರ ವಿಶೇಷ ತರಗತಿ. ದೂರದ ಹಳ್ಳಿಯ ಮಗು ಅದಕ್ಕೆ ಬಸ್ಸು ಹಿಡಿಯಬೇಕಾದರೆ ಎಷ್ಟು ಹೊತ್ತಿಗೆ ಏಳುತ್ತದೆ ಅಂತ ಒಮ್ಮೆ ಎಲ್ಲರನ್ನೂ ಕೇಳಿ ಬರೆದುಕೊಳ್ಳಿ. ಹೈಸ್ಕೂಲು ಬೆಳಿಗ್ಗೆ ಎಂಟೂವರೆಗಿಂತ ಮುಂಚೆ ಶುರುವಾಗಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೇಳಿತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2022ರಿಂದ ಅದು ಕಾನೂನು. ನಮ್ಮ ಸರ್ಕಾರಿ ಶಾಲೆಗಳ ಹತ್ತು ಗಂಟೆಯ ವೇಳೆ ಈ ವಯಸ್ಸಿನ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ, ಅದನ್ನು ನಾವೇ ವಿಶೇಷ ತರಗತಿಯಿಂದ ಕೆಡಿಸುತ್ತಿದ್ದೇವೆ. ತರಗತಿ ಬೇಕೇ ಬೇಕು ಅನ್ನಿಸಿದರೆ 9ಕ್ಕೆ ಇಡಿ, ಸಂಜೆ ಇಡಬೇಕಾದರೆ ಮೊದಲು ಅರ್ಧ ಗಂಟೆ ಆಡಿಸಿ ಆಮೇಲೆ ಕೂರಿಸಿ. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿ ಹಂಚುವ ಮೊದಲು, ಮಕ್ಕಳು ಏಳುವ ಹೊತ್ತು, ಮಲಗುವ ಹೊತ್ತು ಬರೆದುಕೊಂಡ ಆ ಹಾಳೆಯನ್ನು ಓದಿ.