ಬರೀ ಬೆಳಕು ನೋಡಿ ಗೆಲಾಕ್ಸಿ ಎಷ್ಟು ದೂರ ಇದೆ ಅಂತ ಹೇಗೆ ಹೇಳ್ತಾರೆ?

ಫೋಟೋ ಒಂದೇ ಸಾಲದು, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಬೇಕು. ಜೇಮ್ಸ್ ವೆಬ್ ಟೆಲಿಸ್ಕೋಪಿನ ನಿಯರ್‌ಸ್ಪೆಕ್ ಉಪಕರಣದಲ್ಲಿ ಸುಮಾರು ಎರಡೂವರೆ ಲಕ್ಷ ಪುಟಾಣಿ ಕಿಟಕಿಗಳಿವೆ, ಒಂದೊಂದೂ ತಲೆಕೂದಲಿನಷ್ಟು ಅಗಲ. ಬೇಕಾದ ಗೆಲಾಕ್ಸಿಗಳ ಎದುರಿನ ಕಿಟಕಿಗಳನ್ನಷ್ಟೇ ತೆರೆದು, ಮಿಕ್ಕ ಬೆಳಕನ್ನೆಲ್ಲ ತಡೆದು, ಒಂದೇ ಸಲಕ್ಕೆ ಎಷ್ಟೋ ಗೆಲಾಕ್ಸಿಗಳ ಬೆಳಕನ್ನು ಬಿಡಿಸುತ್ತಾರೆ.

ತುಂಬಾ ದೂರದ ಗೆಲಾಕ್ಸಿಗಳ ಬೆಳಕಿನಲ್ಲಿ 121.6 ನ್ಯಾನೋಮೀಟರಿಗಿಂತ ಚಿಕ್ಕ ಅಲೆಗಳನ್ನು ಹೈಡ್ರೋಜನ್ ನುಂಗಿಬಿಟ್ಟಿರುತ್ತದೆ. ಅಲ್ಲಿ ಬೆಳಕು ಕತ್ತರಿಸಿದ ಹಾಗೆ ನಿಲ್ಲುತ್ತದೆ. ವಿಶ್ವ ಹಿಗ್ಗುತ್ತಿದೆ ಅಲ್ವಾ, ಜೊತೆಗೆ ಬೆಳಕಿನ ಅಲೆಯೂ ಹಿಗ್ಗುತ್ತದೆ. ಎಷ್ಟು ಹಿಗ್ಗಿದೆಯೋ ಅಷ್ಟು ದೂರದಿಂದ ಬಂದಿದೆ ಅಂತ ಅರ್ಥ. 2024ರಲ್ಲಿ ಸುದ್ದಿಯಾದ ಜೇಡ್ಸ್-ಜಿಎಸ್-ಝಡ್14-0 ಗೆಲಾಕ್ಸಿಯಲ್ಲಿ ಆ ಅಂಚು ಸಿಕ್ಕಿದ್ದು ಸುಮಾರು 1,850 ನ್ಯಾನೋಮೀಟರಿನಲ್ಲಿ. ಅಂದರೆ 15 ಪಟ್ಟು! ಆ ಬೆಳಕು ಹೊರಟಾಗ ವಿಶ್ವದ ವಯಸ್ಸು ಸುಮಾರು 30 ಕೋಟಿ ವರ್ಷ.

ಆಮೇಲೆ ಚಿಲಿಯ ಆಲ್ಮಾ ಟೆಲಿಸ್ಕೋಪಿಗೆ ಅಲ್ಲೇ ಆಕ್ಸಿಜನ್ನೂ ಸಿಕ್ಕಿತು. ಅಷ್ಟು ಬೇಗ ಅದು ಹೇಗೆ ತಯಾರಾಯ್ತು ಅನ್ನೋದೇ ಈಗ ತಲೆಬಿಸಿ.