ಮನೆ ಬದಲಿಸುವಾಗ ಹವಳದ ಅಕ್ವೇರಿಯಂನ ಹಳೆಯ ಮರಳನ್ನು ಹಾಗೇ ಒಯ್ಯಬಹುದಾ?

ದಯವಿಟ್ಟು ಹಾಗೇ ಒಯ್ಯಬೇಡಿ. ತಿಳಿನೀರು ಬರುವ ತನಕ ಮರಳನ್ನು ಉಪ್ಪುನೀರಿನಲ್ಲಿ ತೊಳೆಯಿರಿ, ಇಲ್ಲವೇ ಹೊಸದು ಹಾಕಿ. ಮರಳಿನ ಅಡಿಯಲ್ಲಿ ಮೀನಿನ ಹಿಕ್ಕೆ, ಉಳಿದ ಆಹಾರ ಜಾಸ್ತಿ ಸೇರಿಕೊಂಡಿರುತ್ತದೆ. ಗಾಳಿಯಾಡದ ಆಳದಲ್ಲಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಕೂಡ ಇರಬಹುದು. ಕದಡಿದರೆ ಎಲ್ಲವೂ ಒಮ್ಮೆಲೇ ನೀರಿಗೆ ಬರುತ್ತದೆ. ಕೊಳೆಯಿಂದ ಹುಟ್ಟುವ ವಿಷವಾದ ಅಮೋನಿಯಾ ಏರಿ ಒಂದೇ ರಾತ್ರಿಯಲ್ಲಿ ಮೀನುಗಳು ಸಾಯಬಹುದು.

ಮರಳು ತೊಳೆದರೆ ಒಳ್ಳೆಯ ಬ್ಯಾಕ್ಟೀರಿಯಾ ಹೋಗುತ್ತವೆ, ಅಲ್ವಾ? ಸ್ವಲ್ಪ ಹೋಗುತ್ತವೆ, ಆದರೆ ಅಕ್ವೇರಿಯಂನೊಳಗಿನ ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಬೇಕಾದಷ್ಟು ಇರುತ್ತವೆ. ಅಮೋನಿಯಾವನ್ನು ಕಡಿಮೆ ವಿಷದ ನೈಟ್ರೇಟ್ ಆಗಿಸುವುದು ಅವೇ. ಅದಕ್ಕೇ ಕಲ್ಲನ್ನು ಒಣಗಲು ಬಿಡದೆ ಹಳೆಯ ನೀರಿನಲ್ಲೇ ಮುಳುಗಿಸಿ ಸಾಗಿಸಿ. ಹೊಸ ಉಪ್ಪುನೀರನ್ನು ಹಿಂದಿನ ದಿನವೇ ಬೆರೆಸಿಡಿ: ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂನ ಸಮುದ್ರ ಉಪ್ಪು (ಅಡುಗೆ ಉಪ್ಪಲ್ಲ), 25 ಡಿಗ್ರಿ ಸೆಲ್ಸಿಯಸ್.