ಸುಮ್ನೆ ಬಿಟ್ಟಿದ್ದರೆ ನದಿ ತಾನೇ ಸರಿಹೋಗುತ್ತಿತ್ತಾ?

ಪತ್ರ: ಅಮೆರಿಕದ ಕಿಸಿಮ್ಮಿ ನದಿಯ ಬಗ್ಗೆ ನಿಮ್ಮಲ್ಲಿ ಓದಿದೆ. ಮೊದಲು ನದಿಯನ್ನು ನೇರ ಕಾಲುವೆ ಮಾಡಿದರಂತೆ, ಆಮೇಲೆ ಅದನ್ನೇ ಮುಚ್ಚಿದರಂತೆ. ಅಷ್ಟು ದುಡ್ಡು ಸುರಿಯುವ ಬದಲು ಸುಮ್ನೆ ಬಿಟ್ಟಿದ್ದರೆ ಆಗುತ್ತಿರಲಿಲ್ವೇ? ನಮ್ಮ ಮಲಪ್ರಭೆಗೂ ಹೀಗೇ ಮಾಡಬೇಕೇ?
– ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಸಂಪಾದಕರ ಉತ್ತರ:

ಆಗುತ್ತಿರಲಿಲ್ಲ. ಫ್ಲೋರಿಡಾದ ಕಿಸಿಮ್ಮಿ ಸುಮಾರು 166 ಕಿ.ಮೀ. ಸುತ್ತಿ ಬಳಸಿ ಹರಿಯುತ್ತಿದ್ದ ನದಿ. ಮಳೆ ಬಂದರೆ ದಡ ದಾಟಿ ಎರಡೂ ಕಡೆ ಹರಡುತ್ತಿತ್ತು. 1947ರ ಚಂಡಮಾರುತದ ನೆರೆ ನೋಡಿ ಹೆದರಿದ ಜನರೇ ಏನಾದರೂ ಮಾಡಿ ಎಂದು ಕೇಳಿದರು. 1962ರಿಂದ 1971ರವರೆಗೆ ಅಗೆದು 90 ಕಿ.ಮೀ. ಉದ್ದದ, 9 ಮೀಟರ್ ಆಳದ ಕಾಲುವೆ ಮಾಡಿದರು. ನೆರೆ ಕಡಿಮೆಯಾಯಿತು, ಅದು ಸುಳ್ಳಲ್ಲ.

ಆದರೆ ನೀರೆಲ್ಲ ಆ ಆಳಕ್ಕೇ ಇಳಿಯಿತು. ಹಳೆಯ ತಿರುವುಗಳಲ್ಲಿ ನೀರು ನಿಂತು, ಎಲೆ-ಕಡ್ಡಿ ಕೊಳೆತು, ಮೀನಿಗೆ ಉಸಿರಾಡಲು ಆಮ್ಲಜನಕ ಸಾಲದಾಯಿತು. ಪಕ್ಕದ ಜೌಗು ಒಣಗಿ ದನ ಮೇಯುವ ಬಯಲಾಯಿತು. ಚಳಿಗಾಲದ ಬಾತುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕಾಣದಾದವು. ಇಷ್ಟು ಆಳದ ಕಾಲುವೆ ತಾನಾಗಿ ತುಂಬಬೇಕಾದರೆ ಹೂಳು ಬೇಕು. ಅದು ಸಮತಟ್ಟು ನೆಲದ ನಿಧಾನದ ನದಿ. ನಿಮ್ಮ ಮಲಪ್ರಭೆಯಂತೆ ಮಣ್ಣು ಹೊತ್ತು ತರುವುದಿಲ್ಲ.

ಅದಕ್ಕೇ 1999ರಿಂದ, ಅಗೆದು ದಡದಲ್ಲಿ ರಾಶಿ ಹಾಕಿದ್ದ ಮಣ್ಣನ್ನೇ ಮತ್ತೆ ಕಾಲುವೆಗೆ ತಳ್ಳಿದರು. 2021ರಲ್ಲಿ ಈ ಕೆಲಸ ಮುಗಿಯಿತು. ಮುಚ್ಚಿದ್ದು ಪೂರ್ತಿ ಕಾಲುವೆಯನ್ನಲ್ಲ, ಸುಮಾರು 35 ಕಿ.ಮೀ. ಮಾತ್ರ. ಉಳಿದದ್ದು ನೆರೆ ತಡೆಯಲು ಹಾಗೇ ಇದೆ. ಖರ್ಚು ಹತ್ತಿರ ಹತ್ತಿರ 100 ಕೋಟಿ ಡಾಲರ್. ಜಾಸ್ತಿಯೇ, ಒಪ್ಪುತ್ತೇನೆ.

ಮಣ್ಣು ತುಂಬುವುದಾದರೂ ಯಂತ್ರದ ಕೆಲಸ. ಕಷ್ಟವಿರುವುದು ಜಮೀನಿನಲ್ಲಿ. ನೀರು ಹರಡಬೇಕಾದ ಕಡೆ ಯಾರದೋ ಹುಲ್ಲುಗಾವಲು, ಯಾರದೋ ಮನೆ. ಅದನ್ನೆಲ್ಲ ಸರ್ಕಾರ ಮೊದಲು ಕೊಳ್ಳಬೇಕಾಯಿತು. ಇನ್ನೊಂದು ತೊಡಕು ನೀರು ಬಿಡುವ ಹೊತ್ತು. ಗೇಟು ಒಮ್ಮೆಗೇ ತೆರೆದು ಆಮೇಲೆ ತಿಂಗಳುಗಟ್ಟಲೆ ಮುಚ್ಚಿದರೆ ಜೌಗು ಉಳಿಯುವುದಿಲ್ಲ. ನೀರು ನಿಧಾನ ಏರಬೇಕು, ನಿಧಾನ ಇಳಿಯಬೇಕು. ಅದಕ್ಕಾಗಿ ಮೇಲಿನ ಕೆರೆಗಳಲ್ಲಿ ಒಂದೂವರೆ ಅಡಿ ಹೆಚ್ಚು ನೀರು ಹಿಡಿಯುವ ಯೋಜನೆ ಮಾಡಿದರು. ಅದಕ್ಕೂ ಸುತ್ತಲಿನ ಜಾಗ ಬೇಕಾಯಿತು! ನೀರು ಬಂದ ಮೇಲೂ ಕೆಲಸ ತಪ್ಪಲಿಲ್ಲ. ಹೊರಗಿನಿಂದ ಬಂದ ಹುಲ್ಲು, ಬಳ್ಳಿ ಹಬ್ಬಿಕೊಳ್ಳುತ್ತವೆ, ಅವನ್ನು ಕೀಳಿಸುತ್ತಲೇ ಇರಬೇಕು.

ಇನ್ನು ಮಲಪ್ರಭೆ. ಅಲ್ಲಿ ಮುಚ್ಚಲು ಅಂಥ ಕಾಲುವೆಯೇ ಇಲ್ಲ. ನವಿಲುತೀರ್ಥ ಅಣೆಕಟ್ಟಿನ ಕೆಳಗೆ ನದಿ ಬಹುಕಾಲ ಬಡಕಲಾಗಿರುತ್ತದೆ. ಆ ಧೈರ್ಯದಲ್ಲೇ ಬೆಳೆ ದಡ ಇಳಿದು ನದಿಗೇ ಬಂದಿದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತದ್ದನ್ನು ನೀವು ನೋಡಿರುತ್ತೀರಿ. ಇಂಥ ಕಡೆ ಹೂಳೆತ್ತುವ ಟೆಂಡರ್ ಮಾತು ಬೇಗ ಹುಟ್ಟುತ್ತದೆ, ಅಲ್ವಾ? ನನ್ನ ಕೇಳಿದರೆ ಮೊದಲು ಆಗಬೇಕಾದ್ದು ಸರ್ವೆ. ನದಿಯ ಗಡಿ ಎಲ್ಲಿದೆ, ನೀರು ಹಿಂದೆ ಎಲ್ಲಿವರೆಗೆ ಹರಡುತ್ತಿತ್ತು ಎಂದು ಕಲ್ಲು ನೆಡಬೇಕು. ಹೊಲ ಬಿಡಬೇಕಾದ ರೈತರಿಗೆ ಎಷ್ಟು ಪರಿಹಾರ ಎಂಬುದೂ ಆಗಲೇ ಮಾತಾಗಬೇಕು. ಜೆಸಿಬಿ ಆಮೇಲೆ ಬರಲಿ.